ಕಡತ: ಬಟ್ಟೆಯಿಂದ ಮೇಜಿಗೆ

ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿ ಸಿಗುತ್ತಾನೆ. ಸಂಬಳ ಕಡಿತ ಮಾಡುವವನಲ್ಲ! ಕಡಿತವೆಂದರೆ ಲೆಕ್ಕದ ಪುಸ್ತಕ, ವೆರ್ಗಡೆಯೆಂದರೆ ಹೆಗ್ಗಡೆ. ಅರಸನ ಲೆಕ್ಕಪತ್ರ ಈತನ ಕೈಯಲ್ಲಿ. ಇಂದು ಸರ್ಕಾರಿ ಮೇಜಿನ ಮೇಲೆ ದಾರ ಕಟ್ಟಿಸಿಕೊಂಡು ಕೂತಿರುವ ‘ಕಡತ’ ಆ ಕಡಿತದ ವಂಶದ್ದೇ.

ಹಳೆಯ ಕಡತ ಕಾಗದವಲ್ಲ, ಬಟ್ಟೆ. ಗೇಣಗಲದ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಕಲಸಿ ಎರಡೂ ಬದಿಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಹಿಂದೊಮ್ಮೆ ಮುಂದೊಮ್ಮೆ ಮಡಿಚಿದರೆ ಪುಟಗಳಾದವು. ಬರೆಯುವುದು ಬಳಪದಲ್ಲಿ, ತಪ್ಪಾದರೆ ಒರೆಸಿ ತಿದ್ದಬಹುದು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇಂದಿಗೂ ಇವೆ. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾನೆ. ಆಗಲೂ ವರ್ತಕರು ಲೆಕ್ಕವನ್ನು ಇದರಲ್ಲೇ ಇಡುತ್ತಿದ್ದರಂತೆ. ನನಗೆ ಮುಖ್ಯವೆನಿಸುವುದು ಆ ಒರೆಸುವ ಸೌಲಭ್ಯ. ಬರೆದವನ ಮೇಲೆ ಯಜಮಾನನಿಗೆ ನಂಬಿಕೆಯಿದ್ದಲ್ಲಿ ಮಾತ್ರ ಒರೆಸಬಹುದಾದ ಲೆಕ್ಕ ನಡೆಯುತ್ತದೆ. ಸೆಟ್ಟರೂ ಗುಮಾಸ್ತರೂ ಒಂದೇ ಜಗಲಿಯಲ್ಲಿ ಕೂತಿದ್ದಾಗ ಅದು ಸಾಕಿತ್ತು.

ರಾಜ್ಯ ಬೆಳೆದಾಗ ಸಾಲಲಿಲ್ಲ. ಚಿಕ್ಕದೇವರಾಜ ಒಡೆಯರು ಮೈಸೂರಿನ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಹಂಚಿದರೆಂಬುದು ಪ್ರಸಿದ್ಧ. ಸುಂಕಕ್ಕೊಂದು, ಅಂಚೆಗೊಂದು, ಅರಮನೆಯ ದನಗಳಿಗೂ ಒಂದು ‘ಬೆಣ್ಣೆ ಚಾವಡಿ’. 1831ರಲ್ಲಿ ಬ್ರಿಟಿಷ್ ಕಮಿಷನರರು ಆಡಳಿತ ವಹಿಸಿಕೊಂಡ ಮೇಲೆ ಬೆಂಗಳೂರಿನ ಕೋಟೆಯೊಳಗಿನ ಟಿಪ್ಪುವಿನ ಅರಮನೆಯೇ ಸಚಿವಾಲಯವಾಯಿತು. ಇಲಾಖೆಗಳಿಗೆ ಅಲ್ಲಿ ಜಾಗ ಸಾಲದೆ, 1868ರಲ್ಲಿ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ ಎದ್ದಿತು. ಹದಿನೆಂಟು ಇಲಾಖೆಗಳ ಲೆಕ್ಕದಲ್ಲಿ ಅದು ಅಠಾರ ಕಚೇರಿ. ಅದೂ ಚಿಕ್ಕದಾಗಿ, 1956ರಲ್ಲಿ ವಿಧಾನಸೌಧ. ಅಲ್ಲೂ ಹಿಡಿಸದೆ ಬಹುಮಹಡಿ ಕಟ್ಟಡ, ವಿಕಾಸಸೌಧ.

ಇಷ್ಟು ಮಹಡಿಗಳಿದ್ದ ಮೇಲೆ ಕಡತ ಒಬ್ಬನ ಕೈಯಲ್ಲಿ ಇರಲಾಗದು, ನಡೆಯಲೇಬೇಕು. ವಿಷಯ ನಿರ್ವಾಹಕರು ಟಿಪ್ಪಣಿ ಬರೆದು ‘ಮಂಡಿಸಿದೆ’ ಎನ್ನುತ್ತಾರೆ. ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಎಂದು ಅದು ಮೇಲೇರುತ್ತದೆ, ‘ಚರ್ಚಿಸಿ’ ಎಂಬ ಒಂದೇ ಪದ ಹೊತ್ತು ಕೆಳಗಿಳಿಯುತ್ತದೆ. ಇಲ್ಲಿ ಒರೆಸುವಂತಿಲ್ಲ. ಅಪರಿಚಿತರ ನಡುವೆ ನಂಬಿಕೆಯ ಕೆಲಸವನ್ನು ಸಹಿ ಮಾಡಬೇಕಲ್ಲ! ಅದರಲ್ಲಿ ನ್ಯಾಯವೂ ಇದೆ: ಯಾರು ಏನೆಂದರು ಎಂಬುದು ಹತ್ತು ವರ್ಷದ ಮೇಲೂ ಸಿಗುತ್ತದೆ. ಆದರೆ ಸಹಿ ಹೆಚ್ಚಿದಷ್ಟೂ ಹೊಣೆ ತೆಳುವಾಗುತ್ತದೆ. ಎಲ್ಲರೂ ನೋಡಿದ ಕಡತಕ್ಕೆ ಉತ್ತರ ಕೊಡುವವರು ಯಾರೂ ಇಲ್ಲ. ‘ಕಡತ ಎಲ್ಲಿದೆ?’ ಎಂಬುದೇ ಅರ್ಜಿದಾರನ ಮೊದಲ ಪ್ರಶ್ನೆಯಾಗಿದ್ದು ಹೀಗೆ.

ಈಗ ಕಡತ ಕಂಪ್ಯೂಟರಿಗೆ ಬಂದಿದೆ. ಅದು ಯಾರ ಬಳಿ ನಿಂತಿದೆ ಎಂದು ತಿಳಿಯುತ್ತದೆ. ಆದರೆ ಸಹಿಯ ಮೆಟ್ಟಿಲುಗಳನ್ನು ಯಾರೂ ಕಡಿಮೆ ಮಾಡದಿದ್ದರೆ ನಿಲ್ಲುವುದಂತೂ ತಪ್ಪದು. ಕಡತಕ್ಕೆ ಗಡುವು ಹಾಕಿದ ಪ್ರಯತ್ನವೆಂದರೆ 2012ರಲ್ಲಿ ಜಾರಿಯಾದ ಸಕಾಲ ಕಾಯ್ದೆ. ತಡವಾದ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ. ಮೊತ್ತ ಚಿಲ್ಲರೆಯೇ, ಆದರೆ ಅದು ಒಬ್ಬ ನಿರ್ದಿಷ್ಟ ಅಧಿಕಾರಿಯ ಹೆಸರಿಗೆ ಬೀಳುತ್ತದೆ. ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಕೇಳಿ ಪಡೆಯಿರಿ; ಗಡುವು ದಾಟಿದರೆ ಮೇಲ್ಮನವಿ ಹಾಕಿ.