ಬಿಯರ್ ಲಾರಿ, ರಕ್ತದ ಡ್ರೋನ್

ಚಾಲಕನಿಲ್ಲದ ಲಾರಿ, ಸಾಮಾನು ಹೊರುವ ಡ್ರೋನ್ ಅಂತ ಮಾತು ಬಂದಾಗಲೆಲ್ಲ ನನಗೆ 2016ರ ಅಕ್ಟೋಬರ್ ನೆನಪಾಗುತ್ತದೆ. ಎರಡೂ ಸುದ್ದಿಯಾಗಿದ್ದು ಆ ಒಂದೇ ತಿಂಗಳಲ್ಲಿ.

ಮೊದಲನೆಯದು ಅಮೆರಿಕದ ಕೊಲರಾಡೋದಲ್ಲಿ. ಊಬರ್ ಆಗಷ್ಟೇ ಕೊಂಡಿದ್ದ 'ಆಟೋ' ಕಂಪನಿಯ ಲಾರಿ (ನಮ್ಮ ಆಟೋರಿಕ್ಷಾ ಅಲ್ಲ ಮಾರಾಯ್ರೆ!) ಐವತ್ತು ಸಾವಿರಕ್ಕೂ ಹೆಚ್ಚು ಬಡ್ವೈಸರ್ ಬಿಯರ್ ಡಬ್ಬಿ ತುಂಬಿಕೊಂಡು, ಹೆದ್ದಾರಿಯಲ್ಲಿ ಸುಮಾರು 120 ಮೈಲಿ ತಾನೇ ಓಡಿತು. ಡ್ರೈವರ್ ಹಿಂದೆ ಮಲಗುವ ಜಾಗದಲ್ಲಿದ್ದ. ಜಗತ್ತೆಲ್ಲ ಚಪ್ಪಾಳೆ ತಟ್ಟಿತು. 2018ರಲ್ಲಿ ಊಬರ್ ಆ ಲಾರಿ ವಿಭಾಗವನ್ನೇ ಮುಚ್ಚಿತು!

ಎರಡನೆಯದು ಆಫ್ರಿಕಾದ ರುವಾಂಡಾದಲ್ಲಿ. ಅಲ್ಲಿ ಜಿಪ್‌ಲೈನ್ ಕಂಪನಿಯ ಡ್ರೋನುಗಳು ಆಸ್ಪತ್ರೆಗಳಿಗೆ ರಕ್ತ ಒಯ್ಯತೊಡಗಿದವು. ಗುಡ್ಡಗಾಡಿನ ದೇಶ, ಸುತ್ತುಬಳಸಿನ ರಸ್ತೆ. ಹೆರಿಗೆಯಲ್ಲಿ ರಕ್ತಸ್ರಾವವಾದರೆ ಕಾಯಲು ಹೊತ್ತೆಲ್ಲಿ? ಹಾಗಂತ ಹೆಚ್ಚು ರಕ್ತ ತಂದಿಟ್ಟರೆ ಅವಧಿ ಮುಗಿದು ಹಾಳು. ಕವಣೆ ಕಲ್ಲಿನ ಹಾಗೆ ಚಿಮ್ಮುವ ಪುಟ್ಟ ವಿಮಾನ, ಪ್ಯಾರಾಚೂಟ್ ಕಟ್ಟಿದ ಪೆಟ್ಟಿಗೆ ಉದುರಿಸಿ ವಾಪಸ್. 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್'ನಲ್ಲಿ 2022ರಲ್ಲಿ ಬಂದ ಅಧ್ಯಯನದ ಪ್ರಕಾರ, ಅವಧಿ ಮೀರಿ ವ್ಯರ್ಥವಾಗುವ ರಕ್ತ ಒಂದು ವರ್ಷದಲ್ಲಿ ಶೇ. 67ರಷ್ಟು ಇಳಿಯಿತು.

ಲಾರಿ? 2025ರ ಮೇ ತಿಂಗಳಲ್ಲಿ ಅರೋರಾ ಕಂಪನಿ ಡಲ್ಲಾಸ್-ಹೂಸ್ಟನ್ ನಡುವೆ ಚಾಲಕನಿಲ್ಲದೆ ಸರಕು ಸಾಗಿಸಿತು. ಅದೇ ತಿಂಗಳು, ಲಾರಿ ತಯಾರಿಸಿದವರ ಕೋರಿಕೆಯಂತೆ, ಮತ್ತೆ ಒಬ್ಬರನ್ನು ಚಾಲಕನ ಸೀಟಿನಲ್ಲಿ ಕೂರಿಸಿತು!

ನನಗನಿಸೋದಿಷ್ಟು. ಆ ಬಿಯರ್ ಹೇಗಿದ್ದರೂ ತಲುಪುತ್ತಿತ್ತು. ರಸ್ತೆಯೂ ಇತ್ತು, ಡ್ರೈವರನೂ ಇದ್ದ. ಲಾರಿ ಬಂದದ್ದು ಅವನ ಅನ್ನದ ಜಾಗಕ್ಕೆ. ಡ್ರೋನ್ ಬಂದದ್ದು ಒಳ್ಳೆ ರಸ್ತೆಯೇ ಇಲ್ಲದ ಜಾಗಕ್ಕೆ. ಹೊಸ ಯಂತ್ರ ಬಂದಾಗ ಅದೆಷ್ಟು ಜಾಣ ಅಂತ ಕೇಳುವ ಮೊದಲು, ಅದು ಯಾರ ಜಾಗದಲ್ಲಿ ಕೂರುತ್ತಿದೆ ಅಂತ ಕೇಳಬೇಕಲ್ಲವೇ?

ನೀವೇನಂತೀರಿ?