ಗೋಟುವಾದ್ಯ

ದೇಹದಲ್ಲಿ ವೀಣೆಯನ್ನು ಹೋಲಿದರೂ ಮೆಟ್ಟಿಲುಗಳನ್ನು ಸಂಪೂರ್ಣವಾಗಿ ವರ್ಜಿಸಿ, ಎಡಗೈಯಲ್ಲಿ ಹಿಡಿದ ಗಟ್ಟಿಮರದ ಇಲ್ಲವೆ ಕೊಂಬಿನ ನುಣುಪಾದ ಉರುಳೆಯನ್ನು ತಂತಿಗಳ ಮೇಲೆ ಜಾರಿಸುತ್ತ, ಬಲಗೈಯಿಂದ ಮೀಟಿ ನುಡಿಸುವ ಕರ್ನಾಟಕ ಸಂಗೀತದ ತಂತೀವಾದ್ಯ. ಚಿತ್ರವೀಣೆಯೆಂದೂ ಇದಕ್ಕೆ ಹೆಸರುಂಟು.

13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ವರ್ಣಿಸಿರುವ ಏಕತಂತ್ರೀ ವೀಣೆಯನ್ನು ಕಮ್ರಿಕೆಯೆಂಬ ಬಿದಿರ ತುಂಡಿನಿಂದ ನುಡಿಸುತ್ತಿದ್ದರಾದುದರಿಂದ, ಜಾರುವಾದನವು ನಮ್ಮಲ್ಲಿ ಬಹು ಪುರಾತನವೆನ್ನಬೇಕು. ಆಧುನಿಕ ಗೋಟುವಾದ್ಯವನ್ನು ತಿರುವಿಡೈಮರುದೂರಿನ ಸಖಾರಾಮರಾಯರು ಪ್ರಸಿದ್ಧಿಗೆ ತಂದರು; ತರುವಾಯ ನಾರಾಯಣ ಅಯ್ಯಂಗಾರರು ಅದನ್ನು ಬೆಳೆಸಿ ಮೈಸೂರು, ತಿರುವಾಂಕೂರು ಆಸ್ಥಾನಗಳ ಮನ್ನಣೆಗೆ ಪಾತ್ರರಾದರು.

ತಂತಿಯ ಮೇಲೆ ಜಾರಿಸಿ ನುಡಿಸುವ ಇದೇ ತತ್ತ್ವವು 19ನೆಯ ಶತಮಾನದ ಅಂತ್ಯದಲ್ಲಿ ಹವಾಯಿ ದ್ವೀಪಗಳ ಜೋಸೆಫ್ ಕೆಕುಕು ಎಂಬವನ ಕೈಯಲ್ಲಿ ಸ್ಟೀಲ್ ಗಿಟಾರಾಗಿ ರೂಪುಗೊಂಡು ಅಮೆರಿಕವನ್ನು ವ್ಯಾಪಿಸಿತು. 1930ರ ದಶಕದಲ್ಲಿ ಟೆಕ್ಸಾಸ್ ಪ್ರಾಂತದ ಗ್ರಾಮೀಣ ಪಿಟೀಲುವಾದನವು ಜಾಜ್ ಸಂಗೀತದೊಡನೆ ಬೆರೆತು ಜನಿಸಿದ ‘ವೆಸ್ಟರ್ನ್ ಸ್ವಿಂಗ್’ ಶೈಲಿಯಲ್ಲಿ, ನೃತ್ಯಶಾಲೆಗಳ ಗದ್ದಲದ ನಡುವೆ ತಂತಿಯ ಕ್ಷೀಣಧ್ವನಿಯು ಅಡಗಿಹೋಗುತ್ತಿದ್ದ ಕಾಲಕ್ಕೆ, ಮಿಲ್ಟನ್ ಬ್ರೌನನ ತಂಡದ ಬಾಬ್ ಡನ್ 1935ರಲ್ಲಿ ವಿದ್ಯುತ್ತಿನಿಂದ ವರ್ಧಿಸಿದ ಸ್ಟೀಲ್ ಗಿಟಾರನ್ನು ಧ್ವನಿಮುದ್ರಿಸಿ, ತುತ್ತೂರಿಗಳಿಗೆ ಸಲ್ಲುತ್ತಿದ್ದ ಚುರುಕಾದ ಪದಗತಿಯನ್ನು ತಂತಿಗೆ ತಂದನು. ಬಾಬ್ ವಿಲ್ಸ್‌ನ ತಂಡದ ಲಿಯಾನ್ ಮೆಕಾಲಿಫ್ 1936ರಲ್ಲಿ ಮುದ್ರಿಸಿದ ‘ಸ್ಟೀಲ್ ಗಿಟಾರ್ ರಾಗ್’ ಈ ವಾದ್ಯವನ್ನು ಆ ಶೈಲಿಯ ಅವಿಭಾಜ್ಯ ಅಂಗವಾಗಿಸಿತು.

ವಿಧಾನವೊಂದೇ ಆದರೂ ಗೋಟುವಾದ್ಯ, ಸ್ಟೀಲ್ ಗಿಟಾರ್ ಇವೆರಡರ ಪ್ರಯೋಜನ ಭಿನ್ನವಾದುದು. ಸ್ಟೀಲ್ ಗಿಟಾರಿನ ಕಂಬಿಯು ಏಕಕಾಲದಲ್ಲಿ ಹಲವು ತಂತಿಗಳನ್ನು ಒತ್ತಿ ಸ್ವರಗುಚ್ಛವನ್ನೇ ಮೇಲಕ್ಕೂ ಕೆಳಕ್ಕೂ ಒಯ್ಯಬಲ್ಲುದರಿಂದ, ಪಾಶ್ಚಾತ್ಯ ವಾದಕರು ಶ್ರುತಿಕ್ರಮಗಳನ್ನು ಹೆಚ್ಚಿಸುತ್ತ, ಒಂದೇ ವಾದ್ಯಕ್ಕೆ ಎರಡು ಮೂರು ಕುತ್ತಿಗೆಗಳನ್ನೂ, ಕಾಲಾಂತರದಲ್ಲಿ ಕಾಲ್ಮೆಟ್ಟುಗಳನ್ನೂ ಜೋಡಿಸಿದರು. ಗೋಟುವಾದ್ಯದಲ್ಲಾದರೋ ಷಡ್ಜ ಅಚಲ. ಸ್ವರಸ್ವರಗಳ ನಡುವಣ ಅವಕಾಶವನ್ನು ಗಮಕದಿಂದ ತುಂಬಿ ಗಾಯಕನ ಕಂಠವನ್ನು ಅನುಸರಿಸುವುದೇ ಅದರ ಗುರಿ. ಬೆರಳಿಗೆ ಆಧಾರವಾಗಬಲ್ಲ ಮೆಟ್ಟಿಲೊಂದೂ ಇಲ್ಲವಾದುದರಿಂದ ಶ್ರುತಿಶುದ್ಧಿಯ ಭಾರವೆಲ್ಲ ವಾದಕನ ಕಿವಿಯ ಮೇಲೆಯೇ ಬೀಳುತ್ತದೆ. ಈ ವಾದ್ಯವನ್ನು ಸಾಧಿಸಿದವರು ವಿರಳವಾಗಿರುವುದಕ್ಕೆ ಇದೂ ಒಂದು ಕಾರಣ.

ನಾರಾಯಣ ಅಯ್ಯಂಗಾರರ ಮೊಮ್ಮಗ, 1967ರಲ್ಲಿ ಮೈಸೂರಿನಲ್ಲಿ ಜನಿಸಿದ ಎನ್. ರವಿಕಿರಣ್ ಪರಂಪರೆಯನ್ನು ಮುಂದುವರಿಸಿದರು. ಗಿಟಾರನ್ನು ಹಿಂದೂಸ್ತಾನಿ ಸಂಗೀತಕ್ಕೆ ಒಗ್ಗಿಸಿ ಮೋಹನವೀಣೆಯನ್ನು ರೂಪಿಸಿದ ವಿಶ್ವಮೋಹನ ಭಟ್ಟರೊಡನೆಯೂ ಅಮೆರಿಕದ ಬ್ಲೂಸ್ ಗಾಯಕ ತಾಜ್ ಮಹಲರೊಡನೆಯೂ ಅವರು ನುಡಿಸಿದ ‘ಮುಮ್ತಾಜ್ ಮಹಲ್’ ಧ್ವನಿಮುದ್ರಿಕೆ 1995ರಲ್ಲಿ ಪ್ರಕಟವಾಯಿತು.