ಸಂಬಳ ಎಷ್ಟು ಅಂತ ಬರೆಯೋಕೇನು ಕಷ್ಟ?

ನಮ್ಮ ರಾಜೀವನಗರದಲ್ಲಿ ಬೀಡಿ ಕಟ್ಟೋ ಮನೆಗಳಿಗೇನು ಕಮ್ಮಿಯಿಲ್ಲ. ಮೊರ ತೊಡೆ ಮೇಲೆ ಇಟ್ಕೊಳ್ಳೋಕೆ ಮುಂಚೆನೇ ಸಾವಿರ ಬೀಡಿಗೆ ಎಷ್ಟು ಅಂತ ಹೆಂಗಸರಿಗೆ ಗೊತ್ತಿರುತ್ತೆ. ಕನಿಷ್ಠ ಕೂಲಿ ದರವನ್ನ ಸರ್ಕಾರವೇ ಗೊತ್ತುಮಾಡುತ್ತೆ. ಅಷ್ಟೂ ಕೈಗೆ ಸೇರುತ್ತೋ ಇಲ್ವೋ, ಅದು ಬೇರೆ ಮಾತು. ಎಲೆ ಕಮ್ಮಿ ಕೊಡೋದು, ಬೀಡಿ ಸರಿಯಿಲ್ಲ ಅಂತ ಕಳೆಯೋದು ಇದ್ದಿದ್ದೇ. ಆದ್ರೂ ಜಗಳ ಆಡೋಕೆ ಒಂದು ಲೆಕ್ಕ ಇದೆ. ಅದೇ ಮನೆ ಮಗಳು ಬಿ.ಕಾಂ. ಮುಗಿಸಿ ಕೆಲಸ ಹುಡುಕಿದ್ರೆ ಜಾಹೀರಾತಲ್ಲಿ ಕಾಣೋದು ‘ಆಕರ್ಷಕ ವೇತನ’ ಅಷ್ಟೇ.

ಹಿಂದಿನಿಂದ್ಲೂ ಹೀಗೇ ಅನ್ಕೋಬೇಡಿ. 1959ರಲ್ಲೇ ಒಂದು ಕಾಯ್ದೆ ಬಂತು. 25 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನ ಉದ್ಯೋಗ ವಿನಿಮಯ ಕಚೇರಿಗೆ ತಿಳಿಸ್ಬೇಕು ಅಂತ. 1960ರ ನಿಯಮದ ಪ್ರಕಾರ ತಿಳಿಸಬೇಕಾದ ವಿವರಗಳಲ್ಲಿ ಎರಡು ನಮಗೆ ಮುಖ್ಯ: ಸಂಬಳ-ಭತ್ಯೆ ಎಷ್ಟು, ಹೆಂಗಸರಿಗೂ ಅವಕಾಶ ಇದೆಯಾ. ಆದ್ರೆ ಆ ಕಚೇರಿ ಕಳಿಸಿದವರನ್ನೇ ತಗೋಬೇಕು ಅಂತ ಕಾಯ್ದೆ ಹೇಳಲಿಲ್ಲ. ಕೆಲಸ ಕೊಡೋರು ಪತ್ರಿಕೆ, ಆಮೇಲೆ ಮೊಬೈಲು ಅಂತ ಹೋದ್ರು; ಸಂಬಳದ ಕಾಲಂ ಹಿಂದೆ ಉಳೀತು.

ಸರ್ಕಾರಿ ಹುದ್ದೆಗೆ ಮಾತ್ರ ಆ ಪದ್ಧತಿ ಉಳಿದಿದೆ. 2020ರಲ್ಲಿ ಕೆಪಿಎಸ್‌ಸಿ ಎಫ್‌ಡಿಎ ಹುದ್ದೆಗೆ ಅರ್ಜಿ ಕರೆದಾಗ ವೇತನ ಶ್ರೇಣಿ 27,650ರಿಂದ 52,650 ಅಂತ ಅಚ್ಚಾಗಿತ್ತು. ಗಂಡು ಹೆಣ್ಣು ಅಂತ ಭೇದ ಇಲ್ಲ, ಚೌಕಾಸಿ ಇಲ್ಲ.

ಕಂಪನಿಗಳು ಅಂಕಿ ಹೇಳಿದ್ರೂ ಹೇಳೋದು ಸಿಟಿಸಿ. ವರ್ಷಕ್ಕೆ 3 ಲಕ್ಷ ಅಂದ್ರೆ ತಿಂಗಳಿಗೆ 25,000 ಅಂತ ಖುಷಿಪಡ್ತೀವಿ. ಮೂಲ ವೇತನ 12,500 ಅಂತ ಇಟ್ಕೊಳ್ಳಿ. ಕಂಪನಿ ಪಾಲಿನ ಪಿಎಫ್ 1,500, ಗ್ರಾಚ್ಯುಟಿ ಸುಮಾರು 600, ಹುಡುಗಿ ಪಾಲಿನ ಪಿಎಫ್ 1,500 ಕಳೆದ್ರೆ ಕೈಗೆ 21,400. ಬೆಂಗಳೂರಲ್ಲಿ ಪಿಜಿ ಬಾಡಿಗೆ ಕಟ್ಟಬೇಕಾಗಿರೋದು ಇದರಲ್ಲೇ ಕಣ್ರೀ.

2024ರ ಆಗಸ್ಟಲ್ಲಿ ಕಾಗ್ನಿಜೆಂಟ್ ಪದವೀಧರರಿಗೆ ವರ್ಷಕ್ಕೆ 2.52 ಲಕ್ಷ ಅಂತ ಹೇಳಿದ್ದು ಊರೆಲ್ಲಾ ಸುದ್ದಿಯಾಯ್ತು. ಅದು ಇಂಜಿನಿಯರಿಂಗ್ ಓದದೇ ಇರೋರಿಗೆ ಅಂತ ಕಂಪನಿ ವಿವರಣೆ ಕೊಡಬೇಕಾಯ್ತು. ಅಂಕಿ ಬರೆದಿದ್ದಕ್ಕೇ ಜನ ಪ್ರಶ್ನೆ ಕೇಳೋಕಾಯ್ತು. ಬರೀದಿದ್ರೆ ಯಾರನ್ನ ಕೇಳೋದು?

ಅಮೆರಿಕದ ಕೊಲೊರಾಡೊದಲ್ಲಿ 2021ರಿಂದ, ನ್ಯೂಯಾರ್ಕ್ ನಗರದಲ್ಲಿ 2022ರಿಂದ ಜಾಹೀರಾತಲ್ಲೇ ಸಂಬಳ ಹಾಕಬೇಕು ಅಂತ ಕಾನೂನಿದೆ. ಒಂದೇ ಕೆಲಸಕ್ಕೆ ಹೆಂಗಸರಿಗೆ ಕಮ್ಮಿ ಕೊಡೋದು ತಪ್ಪಲಿ ಅಂತಲೇ ಕೊಲೊರಾಡೊ ಆ ಕಾನೂನು ಮಾಡಿದ್ದು. ನಮ್ಮಲ್ಲಿ ಖಾಸಗಿ ಕಂಪನಿಗಳಿಗೆ ಅಂಥ ಕಟ್ಟಳೆ ಇಲ್ಲ.

ಅದಕ್ಕೇ ಅಕ್ಕಂದಿರೇ, ಆಪಾಗಳೇ, ಮಕ್ಕಳು ಇಂಟರ್‌ವ್ಯೂಗೆ ಹೊರಡೋಕೆ ಮುಂಚೆ ಫೋನ್ ಮಾಡಿ ‘ತಿಂಗಳಿಗೆ ಕೈಗೆ ಎಷ್ಟು ಬರುತ್ತೆ’ ಅಂತ ಕೇಳಲಿ. ಉತ್ತರವನ್ನ ಬರಹದಲ್ಲಿ ತರಿಸ್ಕೊಳ್ಳಲಿ. ಹೆಣ್ಣುಮಕ್ಕಳು ದುಡ್ಡಿನ ಮಾತಾಡಬಾರದು ಅನ್ನೋ ಬುದ್ಧಿಮಾತನ್ನ ನಾವು ಹೇಳೋದು ಬೇಡ.